ಎರಡನೆಯ ಬಾಣಂತನ ಯಾರದು?



ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಪಂಚಸೂತಕಗಳನ್ನು ತಳ್ಳಿಹಾಕಿದರೆಂದು ನಾವು ಪ್ರತಿ ಬಸವ ಜಯಂತಿಯ ವೇದಿಕೆಯ ಮೇಲೆ ಹೇಳುತ್ತೇವೆ. ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಜಾತಿಸೂತಕದ ಮೇಲೆ ಪುಸ್ತಕಗಳಾಗಿವೆ, ಚರ್ಚಾಗೋಷ್ಠಿಗಳಾಗಿವೆ. ಮರಣಸೂತಕವಿಲ್ಲವೆಂದು ನಮ್ಮ ಅನೇಕ ಮನೆಗಳಲ್ಲಿ ಸಮಾಧಿಯಾದ ದಿನವೇ ಲಿಂಗಪೂಜೆ ಮಾಡುತ್ತಾರೆ. ಆದರೆ ಜನನಸೂತಕದ ಬಗ್ಗೆ ನಾವು ಮಾತನಾಡುವುದು ಬಹಳ ಕಡಿಮೆ. ಅದು ನಡೆಯುವುದು ಮನೆಯ ಒಳಕೋಣೆಯಲ್ಲಿ. ಅಲ್ಲಿಗೆ ವೇದಿಕೆಯ ಮಾತು ಹೋಗಿ ಮುಟ್ಟಿಲ್ಲ.

ನಾನು ನವಲಗುಂದ ತಾಲೂಕಿನ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಶಿಕ್ಷಕಿಯಾಗಿದ್ದವಳು. ನಿವೃತ್ತಿಯ ನಂತರ ಅಕ್ಕನ ಬಳಗದ ಹೆಣ್ಣುಮಕ್ಕಳೊಂದಿಗೆ ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಊರುಗಳಿಗೂ ಹೋಗಿ ಬರುತ್ತಿರುತ್ತೇನೆ. ಒಂದು ಕಾಲಕ್ಕೆ ನನ್ನ ಕೈಯಲ್ಲಿ ಅಕ್ಷರ ಕಲಿತ ಹುಡುಗಿಯರು ಈಗ ತಾಯಂದಿರಾಗಿದ್ದಾರೆ. ಅವರ ಬಾಣಂತಿಕೋಣೆಯ ಹೊಸ್ತಿಲಲ್ಲಿ ಕುಳಿತು ಕೇಳಿಸಿಕೊಂಡ ಮಾತುಗಳೇ ಈ ಲೇಖನಕ್ಕೆ ಕಾರಣ.

ಬಾಣಂತನದಲ್ಲಿ ನಮ್ಮ ಹಿರಿಯರಿಗೆ ಒಂದು ಕ್ರಮವಿತ್ತು. ಕುಬಸ ಮಾಡಿ ಮಗಳನ್ನು ತವರಿಗೆ ಕರೆತರುವುದು, ಸೂಲಗಿತ್ತಿಯಿಂದ ಹೆರಿಗೆ, ನಂತರ ದಿನಾ ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ಅಳವಿ ಪಾಯಸ, ಅಂಟಿನ ಉಂಡಿ, ಕೊಬ್ಬರಿ, ಉತ್ತತ್ತಿ, ತುಪ್ಪ, ಸಬ್ಬಸಗಿ ಪಲ್ಯ. ಮೂರು ತಿಂಗಳು, ಅನುಕೂಲವಿದ್ದವರಲ್ಲಿ ಐದು ತಿಂಗಳು ಅವಳಿಗೆ ಕೊಡ ಎತ್ತುವ ಕೆಲಸವಿರಲಿಲ್ಲ. ಸೂಲಗಿತ್ತಿಯ ಕೆಲಸ ಹೆರಿಗೆಗೇ ಮುಗಿಯುತ್ತಿರಲಿಲ್ಲ. ಅವಳು ದಿನಾ ಬಂದು ತಾಯಿಗೂ ಕೂಸಿಗೂ ನೀರು ಹಾಕುತ್ತಿದ್ದಳು, ಹೊಟ್ಟೆ ನೋಡುತ್ತಿದ್ದಳು, ಹಾಲು ಬಂತೇ ಎಂದು ಕೇಳುತ್ತಿದ್ದಳು. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಂಥ ಹೆಸರಿಲ್ಲದ ತಾಯಂದಿರು ನಮ್ಮ ಊರೂರಲ್ಲಿದ್ದರು. ಅವರಲ್ಲಿ ಹೆಚ್ಚಿನವರು ನಾವು ಹೊರಗಿಟ್ಟ ಕೇರಿಗಳವರೇ ಆಗಿದ್ದರು ಎಂಬುದನ್ನೂ ಮರೆಯಬಾರದು.

ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಗ ಹೆರಿಗೆಯಲ್ಲಿ ಸತ್ತ ಹೆಣ್ಣುಮಕ್ಕಳ ಲೆಕ್ಕ ಇಟ್ಟವರಿಲ್ಲ. ಈಗ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಇದು ಬಹಳ ದೊಡ್ಡ ಸಾಧನೆ. ಆದರೆ ಹೆರಿಗೆ ಆಸ್ಪತ್ರೆಗೆ ಹೋಯಿತು, ಬಾಣಂತನ ಎಲ್ಲಿಗೆ ಹೋಯಿತು? ಸಹಜ ಹೆರಿಗೆಯಾದರೆ ಎರಡು ದಿನ, ಸಿಸೇರಿಯನ್ ಆದರೆ ಒಂದು ವಾರ ಆಸ್ಪತ್ರೆ ನೋಡಿಕೊಳ್ಳುತ್ತದೆ. ಉಳಿದ ದಿನಗಳನ್ನು ನೋಡಿಕೊಳ್ಳುತ್ತಿದ್ದ ಸೂಲಗಿತ್ತಿ ಈಗಿಲ್ಲ. ಅವಳ ಜಾಗದಲ್ಲಿ ಯಾರೂ ಬಂದು ಕುಳಿತಿಲ್ಲ.

ತವರು ಇದೆಯಲ್ಲ ಎನ್ನುತ್ತೀರಿ. ಚೊಚ್ಚಲ ಹೆರಿಗೆಗೆ ಇದೆ. ಆದರೆ ಎರಡನೆಯದು, ಮೂರನೆಯದು ಗಂಡನ ಮನೆಯಲ್ಲಿ ಆಗಲಿ ಎಂಬುದು ನಮ್ಮ ಭಾಗದಲ್ಲಿ ಬಹಳ ಕಡೆ ರೂಢಿ. ಆಗ ಅವಳ ಪಕ್ಕದಲ್ಲಿ ಎರಡು ವರ್ಷದ ಇನ್ನೊಂದು ಮಗು ಇರುತ್ತದೆ. ಅತ್ತೆ ಇದ್ದರೆ ಮುಪ್ಪಾಗಿರುತ್ತಾಳೆ, ಇಲ್ಲವೆ ಕೂಲಿಗೆ ಹೋಗುತ್ತಿರುತ್ತಾಳೆ. ಗಂಡ ಹುಬ್ಬಳ್ಳಿಯಲ್ಲಿಯೋ ಗೋವಾದಲ್ಲಿಯೋ ದುಡಿಯುತ್ತಿರುತ್ತಾನೆ. ತವರಿನ ತಾಯಿಯಾದರೂ ಏನು ಮಾಡಿಯಾಳು? ಹೆಸರು ಬಿಡಿಸುವ ದಿನ, ಮೆಣಸಿನಕಾಯಿ ಹರಿಯುವ ದಿನ ಅವಳು ಹೊಲಕ್ಕೆ ಹೋಗದಿದ್ದರೆ ಆ ಮನೆಯ ಒಲೆ ಹತ್ತುವುದಿಲ್ಲ. ಕುಂದಗೋಳ ಕಡೆಯ ಊರೊಂದರಲ್ಲಿ ಇಪ್ಪತ್ತು ದಿನದ ಬಾಣಂತಿಯೊಬ್ಬಳು ನಳದ ಮುಂದೆ ಕೊಡ ಹಿಡಿದು ನಿಂತಿದ್ದನ್ನು ಕಂಡೆ. ಹೊಟ್ಟೆಯ ಹೊಲಿಗೆ ಇನ್ನೂ ಹಸಿ. "ಯಾಕವ್ವಾ, ಯಾರೂ ಇಲ್ಲೇನ?" ಎಂದೆ. "ಚೊಚ್ಚಲದ್ದು ತವರಿನ್ಯಾಗ ಆಗೇತ್ರಿ ಅಕ್ಕಾರ. ಮತ್ತ ಅವರನ್ನ ಹೆಂಗ ಕೇಳೂದು?" ಎಂದಳು. ತವರನ್ನು ಕೇಳಲಾಗದಿದ್ದರೆ ಬೇರೆ ಯಾರನ್ನು ಕೇಳಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಊರಲ್ಲಿ ಮಠವಿತ್ತು. ಮಠದಲ್ಲಿ ಪ್ರತಿ ಅಮಾವಾಸ್ಯೆ ದಾಸೋಹವಿತ್ತು. ಆದರೆ ಬಾಣಂತಿಗೆ ಊಟ ಬೇಕೆಂದು ಮಠವನ್ನು ಕೇಳಬಹುದು ಎಂಬುದು ಅವಳ ಕನಸಿನಲ್ಲಿಯೂ ಇರಲಿಲ್ಲ. ನಮ್ಮಲ್ಲಿ ಎಷ್ಟು ಜನರ ಕನಸಿನಲ್ಲಿದೆ?

ನನ್ನ ಅಭಿಪ್ರಾಯವನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಬಾಣಂತನವು ತವರಿನ ಋಣವಲ್ಲ, ಅತ್ತೆಯ ಉಪಕಾರವೂ ಅಲ್ಲ. ಅದು ಊರಿನ ದಾಸೋಹವಾಗಬೇಕು. ಅದನ್ನು ಮೊದಲು ಮಾಡಿ ತೋರಿಸಬೇಕಾದವರು ಜನನಸೂತಕವನ್ನು ಒಪ್ಪುವುದಿಲ್ಲವೆಂದು ಹೇಳಿಕೊಳ್ಳುವ ನಾವು.

ಸೂತಕದ ಮಾತು ಯಾಕೆ ಮೊದಲು ಬರುತ್ತದೆಂದರೆ, ನೆರವನ್ನು ಬಾಗಿಲಲ್ಲೇ ತಡೆಯುವುದು ಅದೇ. ಬಾಣಂತಿಯ ಕೋಣೆಗೆ ಹೋದರೆ ಸ್ನಾನ ಮಾಡಬೇಕು, ಅವಳು ಮುಟ್ಟಿದ್ದನ್ನು ದೇವರ ಜಗಲಿಯ ಹತ್ತಿರ ತರಬಾರದು, ಅವಳ ತಾಟು ಬೇರೆ, ಅವಳು ಲಿಂಗಪೂಜೆ ಮಾಡಬಾರದು ಎಂಬ ಕಟ್ಟುಗಳನ್ನು ವಿಭೂತಿ ಧರಿಸಿದವರ ಮನೆಗಳಲ್ಲಿಯೇ ನಾನು ನೋಡಿದ್ದೇನೆ. ಇಷ್ಟಲಿಂಗ ಎದೆಯ ಮೇಲಿರುವಾಗ ಆ ದೇಹಕ್ಕೆ ಮೈಲಿಗೆ ಎಲ್ಲಿಂದ ಬಂತು? ಗರ್ಭದಲ್ಲಿರುವ ಕೂಸಿಗೇ ಲಿಂಗಸಂಸ್ಕಾರ ಕೊಡುವ ಧರ್ಮ ನಮ್ಮದು. ಆ ಕೂಸು ಹೊರಗೆ ಬಂದ ಗಳಿಗೆಯಲ್ಲಿ ತಾಯಿ ಮೈಲಿಗೆಯಾಗುತ್ತಾಳೆಂದರೆ ಅದು ಶರಣರ ಮಾತಲ್ಲ. ಬೇರೆಯವರ ಮನೆಯಿಂದ ನಾವು ಎರವಲು ತಂದ ಮಾತು.

ಅವಳಿಗೆ ವಿಶ್ರಾಂತಿ ಬೇಕಲ್ಲ, ಅದಕ್ಕೇ ಹಿರಿಯರು ಹೀಗೆ ಮಾಡಿದ್ದಾರೆ ಎಂದು ಕೆಲವರು ಸಮರ್ಥಿಸುತ್ತಾರೆ. ವಿಶ್ರಾಂತಿ ಕೊಡುವುದು ಬೇರೆ, ದೂರ ಇಡುವುದು ಬೇರೆ. ವಿಶ್ರಾಂತಿ ಕೊಟ್ಟ ಮನೆಯಲ್ಲಿ ಯಾರಾದರೂ ಅವಳ ಹತ್ತಿರ ಕುಳಿತಿರುತ್ತಾರೆ. ದೂರ ಇಟ್ಟ ಮನೆಯಲ್ಲಿ ಅವಳು ಗೋಡೆ ನೋಡುತ್ತ ಮಲಗಿರುತ್ತಾಳೆ.

ಹಳೆಯ ಪದ್ಧತಿಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಬೇಕು. ಎಣ್ಣೆನೀರು, ಬಿಸಿ ಊಟ, ನಿದ್ರೆ, ಭಾರ ಎತ್ತದಿರುವುದು ಇರಲಿ. ಆದರೆ ನೀರು ಕುಡಿದರೆ ಹೊಟ್ಟೆ ದೊಡ್ಡದಾಗುತ್ತದೆಂದು ಹಾಲೂಡಿಸುವ ತಾಯಿಗೆ ನೀರು ಕೊಡದಿರುವುದು ತಪ್ಪು. ಬಾಗಿಲು ಕಿಟಕಿ ಮುಚ್ಚಿ ಹೊರಸಿನ ಕೆಳಗೆ ಇದ್ದಿಲ ಬೆಂಕಿ ಇಡುವುದು ಅಪಾಯ. ಅದರಿಂದ ಏಳುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹುಟ್ಟಿದ ಕೂಸಿಗೆ ಜೇನು, ಬೆಲ್ಲದ ನೀರು ನೆಕ್ಕಿಸುವುದನ್ನೂ ಬಿಡಬೇಕು. ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲು, ಆಮೇಲೆ ಆರು ತಿಂಗಳು ಬರೀ ತಾಯಿಯ ಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಂಗಮಮೂರ್ತಿಗಳಲ್ಲಿ ನನ್ನ ವಿನಂತಿ: ಪಾದೋದಕವನ್ನು ತಾಯಿಗೆ ಕೊಡಿ. ಕೂಸಿಗೆ ತಾಯಿಯ ಹಾಲೇ ಮೊದಲ ಪ್ರಸಾದವಾಗಲಿ. ಈ ಮಾತನ್ನು ದಾದಿ ಹೇಳಿದರೆ ಅಜ್ಜಿ ಕೇಳುವುದಿಲ್ಲ. ನೀವು ಹೇಳಿದರೆ ಕೇಳುತ್ತಾಳೆ.

ಇನ್ನು ಪ್ರಾಣದ ಪ್ರಶ್ನೆ. ಮಾದರಿ ನೋಂದಣಿ ವ್ಯವಸ್ಥೆಯ 2018–20ರ ಅಂಕಿಗಳಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು. ತಮಿಳುನಾಡಿನಲ್ಲಿ ಇದು 54, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ನಾಡೆಲ್ಲ ಬೆಚ್ಚಿಬಿತ್ತು. ಆಸ್ಪತ್ರೆಯ ಲೋಪವನ್ನು ಸರ್ಕಾರ ಸರಿಪಡಿಸಲೇಬೇಕು, ಅದಕ್ಕಾಗಿ ನಾವು ಒತ್ತಾಯಿಸಲೇಬೇಕು. ಆದರೆ ಮನೆಗೆ ಬಂದ ಮೇಲೆ ಆಗುವ ಅನಾಹುತಕ್ಕೆ ಯಾರನ್ನು ಕೇಳೋಣ? ಒಂದು ಗಂಟೆಯಲ್ಲಿ ಬಟ್ಟೆ ತೊಯ್ಯುವಷ್ಟು ರಕ್ತ ಹೋಗುವುದು, ಚಳಿಜ್ವರ, ಕೆಟ್ಟ ವಾಸನೆಯ ಸ್ರಾವ, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಉಸಿರು ಸಿಗದಿರುವುದು, ಒಂದೇ ಕಾಲು ಬಾತು ನೋಯುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. 108ಕ್ಕೆ ಫೋನು ಮಾಡಬೇಕು. ಇದನ್ನು ಗುರುತಿಸಬೇಕಾದವರು ಅವಳ ಪಕ್ಕದಲ್ಲಿರುವವರು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ?

ದೇಹದ ನೋವು ಹೊರಗೆ ಕಾಣುತ್ತದೆ. ಮನಸ್ಸಿನದು ಕಾಣುವುದಿಲ್ಲ. "ಅಕ್ಕಾರ, ನಾ ಯಾಕ ಅಳಾಕ್ಹತ್ತೇನಿ ನನಗ ತಿಳೀವಲ್ದು" ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ಮನೆಯವರು ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದ್ದರು. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಸಹಜ. ಎರಡು ವಾರದಲ್ಲಿ ಅದು ತಾನಾಗಿ ಹೋಗುತ್ತದೆ. ಹೋಗದಿದ್ದರೆ ಅದು ಕಾಯಿಲೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ನೂರು ಬಾಣಂತಿಯರಲ್ಲಿ 22 ಜನರಿಗೆ ಈ ಖಿನ್ನತೆ ಇರುತ್ತದೆಂದು ಅಂದಾಜು ಮಾಡಿತು. ಐದು ಮನೆಗೆ ಒಬ್ಬಳು ಎಂದಾಯಿತು. ಇಷ್ಟೊಂದು ದೆವ್ವಗಳು ನಮ್ಮ ಊರುಗಳಲ್ಲಿವೆಯೇ? ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ನಿದ್ರೆಯೇ ಇಲ್ಲದೆ ಇಲ್ಲದ್ದನ್ನು ಕಾಣುತ್ತಿದ್ದರೆ, ತನ್ನ ಅಥವಾ ಕೂಸಿನ ಜೀವದ ಬಗ್ಗೆ ಕೆಟ್ಟ ಮಾತು ಆಡಿದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವ ಮನೆಗಳಲ್ಲಿ, ತುಪ್ಪದ ಚಮಚೆ ಸಣ್ಣದಾಗುವ ಮನೆಗಳಲ್ಲಿ ಈ ದುಃಖ ಇನ್ನೂ ಆಳಕ್ಕೆ ಇಳಿಯುತ್ತದೆ. ಅಕ್ಕಮಹಾದೇವಿಯ ಹೆಸರಿನಲ್ಲಿ ಜಯಂತಿ ಮಾಡುವ ನಾವು ಇದನ್ನು ನೋಡಿಯೂ ಸುಮ್ಮನಿರಬಹುದೇ?

ಸರ್ಕಾರದ ಯೋಜನೆಗಳಿವೆಯಲ್ಲ ಎಂಬ ಪ್ರಶ್ನೆ ಬರುತ್ತದೆ. ಇವೆ, ಅವನ್ನು ಬಿಡದೆ ಪಡೆಯಬೇಕು. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಇದೆ. ಆಶಾ ಕಾರ್ಯಕರ್ತೆ ಆಸ್ಪತ್ರೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕೆಂಬ ನಿಯಮವಿದೆ. 2017ರ ಅಕ್ಟೋಬರ್ 2ರಂದು ರಾಜ್ಯದ ತುಂಬ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಗೂ ಬಾಣಂತಿಗೂ ಮಧ್ಯಾಹ್ನದ ಬಿಸಿ ಊಟ ಬಂತು. ಆದರೆ ಊಟಕ್ಕೆ ಅಂಗನವಾಡಿಗೇ ಬರಬೇಕೆಂದಿತ್ತು. ಹಸಿ ಬಾಣಂತಿ ಹೊರಗೆ ಬರುವುದು ಹೇಗೆ? ಸರ್ಕಾರ ಅಕ್ಕಿ, ಹಾಲು, ಹಣ ಕೊಡಬಲ್ಲದು. ರಾತ್ರಿ ಎರಡು ಗಂಟೆಗೆ ಕೂಸನ್ನು ಎತ್ತಿಕೊಂಡು "ನೀ ಮಲ್ಕೋ ತಂಗಿ" ಎನ್ನಲಾರದು. ಅದಕ್ಕೆ ನೆರೆಮನೆಯವರೇ ಬೇಕು.

ಮಠಕ್ಕೆ ಇದರ ಉಸಾಬರಿ ಯಾಕೆ, ಇದು ಹೆಂಗಸರ ವಿಷಯ ಎನ್ನುವವರೂ ಇದ್ದಾರೆ. ಅವರಿಗೆ ನಮ್ಮ ಇತಿಹಾಸವೇ ಉತ್ತರ. ಹಳ್ಳಿಯ ಹುಡುಗರು ಪಟ್ಟಣಕ್ಕೆ ಓದಲು ಹೋದರೆ ಊಟ ಎಲ್ಲಿ ಎಂಬ ಪ್ರಶ್ನೆ ಬಂದಾಗ, ಅದು ಅವರ ತಂದೆತಾಯಿಗಳ ತಲೆನೋವೆಂದು ನಮ್ಮ ಹಿರಿಯ ಸ್ವಾಮಿಗಳು ಕೈ ತೊಳೆದುಕೊಳ್ಳಲಿಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳ ಕಾಲದಲ್ಲಿ ಬೆಳೆದ ಪ್ರಸಾದನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದೂ ಸಮಾಜ ಕೂಡಿ ಭಾರ ಹೊತ್ತಿದ್ದರಿಂದಲೇ. ಓದುವ ಹುಡುಗನ ಹಸಿವು ಸಮಾಜದ ಹಸಿವೆಂದು ತಿಳಿದವರು ನಾವು. ಹಾಲೂಡಿಸುವ ತಾಯಿಯ ಹಸಿವು ಮಾತ್ರ ಒಂದು ಮನೆಯ ಖಾಸಗಿ ಮಾತು ಹೇಗಾದೀತು?

ನಾನು ಸೂಚಿಸುವ ಕೆಲಸ ದೊಡ್ಡದೇನಲ್ಲ. ಕಟ್ಟಡ ಬೇಡ, ಕಮಿಟಿ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ.

ಮೊದಲನೆಯದು, ಶ್ರಾವಣದ ಪ್ರವಚನದಲ್ಲಿ ಪೂಜ್ಯರು ಒಂದು ದಿನವನ್ನು ಈ ವಿಷಯಕ್ಕೆ ಕೊಡಲಿ. ಬಾಣಂತಿಗೆ ಸೂತಕವಿಲ್ಲ, ಅವಳು ತನ್ನ ಹೊರಸಿನ ಮೇಲೆ ಕುಳಿತೇ ಲಿಂಗಪೂಜೆ ಮಾಡಬಹುದು ಎಂದು ಗಂಡಸರೂ ಕುಳಿತ ಸಭೆಯಲ್ಲಿ ಸ್ಪಷ್ಟವಾಗಿ ಹೇಳಲಿ.

ಎರಡನೆಯದು, ಬಾಣಂತಿಯ ಬುತ್ತಿ. ಹೆರಿಗೆಯಾದ ಮೇಲೆ 42 ದಿನ ಒಂದು ಹೊತ್ತಿನ ಊಟ ಓಣಿಯಿಂದ ಹೋಗಲಿ. ಹದಿನಾಲ್ಕು ಮನೆಗಳು ಕೂಡಿದರೆ ಒಂದೊಂದು ಮನೆಯ ಪಾಲಿಗೆ ಬರುವುದು ಮೂರೇ ದಿನ. ಬಿಸಿ ಜೋಳದ ರೊಟ್ಟಿ, ಹೆಸರುಬೇಳೆ, ಸಬ್ಬಸಗಿ ಅಥವಾ ಮೆಂತ್ಯೆ ಪಲ್ಯ, ಒಂದು ಲೋಟ ಹಾಲು ಸಾಕು. ಹೊರಗಿನ ಊಟ ಬಾಣಂತಿಗೆ ಆಗುವುದಿಲ್ಲ, ದೃಷ್ಟಿಯಾಗುತ್ತದೆ ಎಂಬ ಅಂಜಿಕೆಯಿದ್ದರೆ ಏನು ಮಾಡಬೇಕೆಂದು ಆ ಮನೆಯ ಹಿರಿಯಳನ್ನೇ ಕೇಳಿ, ಅವಳು ಹೇಳಿದಂತೆ ಮಾಡಿ ಒಯ್ಯಿರಿ. ಬೇಕಾದದ್ದಕ್ಕಿಂತ ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರಲು ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮ ನಮ್ಮ ತಾಯಿ. ದಾಸೋಹಕ್ಕೆ ಮೃಷ್ಟಾನ್ನ ಬೇಕಾಗಿಲ್ಲ.

ಮೂರನೆಯದು, ದಿನಕ್ಕೆ ಎರಡು ತಾಸು ಅಕ್ಕನ ಬಳಗದವರೊಬ್ಬರು ಹೋಗಿ ಕುಳಿತುಕೊಳ್ಳಲಿ. ದೊಡ್ಡ ಮಗುವನ್ನು ಆಡಿಸಲಿ, ನೀರು ತುಂಬಿಡಲಿ. ಆ ಎರಡು ತಾಸು ತಾಯಿ ಮಲಗಲಿ. ಬುದ್ಧಿ ಹೇಳುವುದು ಬೇಡ, ಕೇಳಿಸಿಕೊಂಡರೆ ಸಾಕು. ನಾನು ಮೇಲೆ ಹೇಳಿದ ಅಪಾಯದ ಲಕ್ಷಣಗಳನ್ನು ಬರೆದು ಮಠದ ಗೋಡೆಗೆ ಹಚ್ಚಿ. ರಾತ್ರಿ ಕರೆದರೆ ಗಾಡಿ ತರುವ ಇಬ್ಬರು ತರುಣರ ಫೋನ್ ನಂಬರನ್ನೂ ಅದರ ಕೆಳಗೆ ಬರೆಯಿರಿ. ಕಲಘಟಗಿ ಕಡೆಯ ಕಾಡಂಚಿನ ಊರುಗಳಿಗೆ ಇದು ಬಹಳ ಅವಶ್ಯ.

ನಾಲ್ಕನೆಯದು ಸ್ವಲ್ಪ ಕಠಿಣವಾದ ಮಾತು. ಸರ್ಕಾರಿ ನೌಕರಳಿಗೆ ಹೆರಿಗೆ ರಜೆಯಿದೆ. 2017ರ ತಿದ್ದುಪಡಿಯಿಂದ ಕಾರ್ಖಾನೆ, ಕಚೇರಿಗಳ ಹೆಣ್ಣುಮಕ್ಕಳಿಗೆ 26 ವಾರ ಸಂಬಳದ ರಜೆ ಬಂದಿದೆ. ನಮ್ಮ ಹೊಲದಲ್ಲಿ ಕಳೆ ತೆಗೆಯುವವಳಿಗೆ ಒಂದು ದಿನದ ರಜೆಯೂ ಇಲ್ಲ. ಈ ಭಾಗದಲ್ಲಿ ಹೊಲವಿರುವವರು ಬಹುಪಾಲು ನಾವೇ. ವರ್ಷವೆಲ್ಲ ನಮ್ಮ ಹೊಲಕ್ಕೆ ಬಂದವಳು ಹಡೆದರೆ ಆರು ವಾರದ ಅರ್ಧ ಕೂಲಿಯನ್ನಾದರೂ ಅವಳ ಮನೆಗೆ ಮುಟ್ಟಿಸೋಣ. ಬುತ್ತಿಯೂ ಅವಳ ಕೇರಿಗೆ ಹೋಗಲಿ, ಆ ಕೇರಿಯವರು ಮಾಡಿದ ಬುತ್ತಿ ನಮ್ಮ ಸೊಸೆಗೂ ಬರಲಿ. ನಮ್ಮವರಿಗಷ್ಟೇ ಎಂದು ಗೆರೆ ಎಳೆದರೆ ಒಂದು ಸೂತಕವನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಾಗುತ್ತದೆ. ಅಂಥದಕ್ಕೆ ದಾಸೋಹವೆಂಬ ಹೆಸರು ಸಲ್ಲದು.

ಗಂಡಸರಿಗೂ ಒಂದು ಮಾತು. ಇದನ್ನು ಅಕ್ಕನ ಬಳಗಕ್ಕೆ ಒಪ್ಪಿಸಿ ನೀವು ಕಟ್ಟೆಗೆ ಹೋಗಬೇಡಿ. ನೀರು ತರಲು, ಕೂಸಿನ ಬಟ್ಟೆ ಒಗೆಯಲು, ರಾತ್ರಿ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡಲು ಗಂಡಸಿನ ಕೈಗೂ ಬರುತ್ತದೆ. ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಹೇಳಿದವರ ಮಕ್ಕಳು ನಾವು.

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಪ್ರಸಿದ್ಧ. ನಮ್ಮ ಮನೆಗಳಲ್ಲಿ ಅಂಥ ಒಂದು ತೊಟ್ಟಿಲಿದ್ದರೆ ಅದು ಒಂದೇ ಕಡೆ ಇರುವುದಿಲ್ಲ. ಅಕ್ಕನ ಮನೆಗೆ, ಬೀಗರ ಮನೆಗೆ, ಓಣಿಯವರ ಮನೆಗೆ ಹೋಗಿ ಬರುತ್ತದೆ. ಯಾರ ಕೂಸು ಮಲಗಿತೆಂದು ಯಾರೂ ಲೆಕ್ಕ ಇಡುವುದಿಲ್ಲ. ಕೂಸಿಗಾಗಿ ತೊಟ್ಟಿಲನ್ನು ಹಂಚಿಕೊಳ್ಳಬಲ್ಲವರು ತಾಯಿಗಾಗಿ ಮೂರು ದಿನದ ರೊಟ್ಟಿಯನ್ನು ಹಂಚಿಕೊಳ್ಳಲಾರೆವೇ?

ಮುಂದಿನ ಹುಣ್ಣಿಮೆಯೊಳಗೆ ನಿಮ್ಮ ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಿದೆ ಎಂದು ಅಂಗನವಾಡಿಯಲ್ಲಿ ಕೇಳಿ ತಿಳಿಯಿರಿ. ಅದು ಎರಡನೆಯದೋ ಮೂರನೆಯದೋ ಆಗಿದ್ದರೆ ಆ ಮನೆಯಿಂದಲೇ ಆರಂಭಿಸಿ.